ಎರೆಮಣ್ಣೂ ಗೇರುಪೆಟ್ಟಿಗೆಯೂ: ರಾಯಚೂರು ದೋಆಬಿನಲ್ಲಿ ಜೀಪಿನ ಚರಿತ್ರೆಗೆ ಒಂದು ಪೀಠಿಕೆ

೧

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬಿನ ಇತಿಹಾಸವೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ನೆನಪಿಗೆ ಬರುವುದು ಕೋಟೆಗಳು, ಶಾಸನಗಳು ಮತ್ತು ೧೫೨೦ರ ರಾಯಚೂರು ಯುದ್ಧ. ಅರಸರು ಈ ನೆಲಕ್ಕಾಗಿ ಕಾದಾಡಿದ ಕಥೆಯನ್ನು ನಾವು ಸಾಕಷ್ಟು ವಿಸ್ತಾರವಾಗಿ ಬರೆದುಕೊಂಡಿದ್ದೇವೆ. ಆದರೆ ಈ ನೆಲದ ಮೇಲೆ ಮನುಷ್ಯನು ಹೇಗೆ ಸಂಚರಿಸಿದನು, ಮಳೆಗಾಲದಲ್ಲಿ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಭಾರವನ್ನು ಹೇಗೆ ಒಯ್ದನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಸಂಚಾರದ ಇತಿಹಾಸವನ್ನು ಬರೆದವರೂ ರೈಲುಮಾರ್ಗ ತೆರೆದ ವರ್ಷ, ಬಸ್ಸು ಹೊರಟ ವರ್ಷ, ಸೇತುವೆ ಕಟ್ಟಿದ ವರ್ಷ ಇವುಗಳ ಪಟ್ಟಿಯಲ್ಲಿಯೇ ತೃಪ್ತರಾಗಿದ್ದಾರೆ. ವಾಹನಕ್ಕೂ ನೆಲಕ್ಕೂ ಇರುವ ಸಂಬಂಧ ಆ ಪಟ್ಟಿಗಳಲ್ಲಿ ಕಾಣುವುದಿಲ್ಲ.

ಈ ಲೇಖನದ ಉದ್ದೇಶ ಪರಿಮಿತವಾದುದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಮೂರು ಊರುಗಳ ಸೀಮೆಯನ್ನು ಆರಿಸಿಕೊಂಡು, ರಸ್ತೆಯಿಲ್ಲದ ನೆಲದಲ್ಲಿ ಓಡಬೇಕಾದ ಜೀಪಿಗೆ ಎಂಥ ಗೇರುಪೆಟ್ಟಿಗೆ ಬೇಕು ಎಂಬ ಪ್ರಶ್ನೆಗೆ ಕಳೆದ ಎಂಬತ್ತು ವರ್ಷಗಳಲ್ಲಿ ದೊರೆತ ಉತ್ತರಗಳನ್ನು ಇಲ್ಲಿ ಪರಿಶೀಲಿಸಿದೆ. ಇದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲವೆ, ಇತಿಹಾಸದ ಪತ್ರಿಕೆಯಲ್ಲಿ ಇದಕ್ಕೇನು ಸ್ಥಾನ ಎಂದು ವಾಚಕರು ಕೇಳಬಹುದು. ಹಲ್ಲುಗಾಲಿಯ ಹಲ್ಲುಗಳ ಸಂಖ್ಯೆಯೂ ನಾಣ್ಯದ ತೂಕದಂತೆ, ಇಟ್ಟಿಗೆಯ ಅಳತೆಯಂತೆ ಒಂದು ಆಧಾರವೇ. ಅದನ್ನು ಯಾರೋ ಒಬ್ಬರು ಯಾವುದೋ ನೆಲವನ್ನೂ ಯಾವುದೋ ಕೆಲಸವನ್ನೂ ಮನಸ್ಸಿನಲ್ಲಿಟ್ಟುಕೊಂಡು ನಿರ್ಧರಿಸಿರುತ್ತಾರೆ. ಆ ಸಂಖ್ಯೆಯನ್ನು ಓದಲು ಕಲಿತರೆ ಆ ನೆಲವೂ ಆ ಕೆಲಸವೂ ನಮಗೆ ಗೋಚರವಾಗುತ್ತವೆ.

೨

ಮೊದಲು ನೆಲವನ್ನು ನೋಡಬೇಕು. ಈ ಮೂರು ಊರುಗಳೂ ಇಂದು ಒಂದೇ ಹೆದ್ದಾರಿಯ ಮೇಲಿದ್ದು, ಬಸ್ಸಿನಲ್ಲಿ ಹೋಗುವವನಿಗೆ ಒಂದೇ ಬಗೆಯ ಬಯಲಿನಂತೆ ತೋರುತ್ತವೆ. ಹೆದ್ದಾರಿಯಿಂದ ಇಳಿದೊಡನೆ ಭೇದ ತಿಳಿಯುತ್ತದೆ.

ಸಿಂಧನೂರಿನ ಸುತ್ತಣ ಭೂಮಿ ಬಹುಮಟ್ಟಿಗೆ ಎರೆಭೂಮಿ. ಈ ಕಪ್ಪುಮಣ್ಣಿನಲ್ಲಿ ನೀರನ್ನು ಹೀರಿ ಉಬ್ಬುವ, ಒಣಗಿದಾಗ ಕುಗ್ಗುವ ಜೇಡಿಯ ಅಂಶ ಹೆಚ್ಚು. ಬೇಸಿಗೆಯಲ್ಲಿ ಅದು ಕಾಲು ಹೋಗುವಷ್ಟು ಬಿರುಕುಬಿಟ್ಟು ಕಲ್ಲಿನಂತೆ ಗಟ್ಟಿಯಾಗುತ್ತದೆ. ಎರಡು ಹದ ಮಳೆ ಬಿದ್ದರೆ ಅಂಟಿನಂತಾಗುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು ಮಾತ್ರ. ಆದರೆ ಎರೆಯ ಮೇಲಿನ ಸಂಚಾರವನ್ನು ನಿಲ್ಲಿಸಲು ಅಷ್ಟು ಧಾರಾಳವಾಗಿ ಸಾಕು. ಮಸ್ಕಿಯ ಸುತ್ತ ಬೆಣಚುಶಿಲೆಯ ಗುಡ್ಡಗಳೂ ಉರುಳುಗುಂಡುಗಳೂ ಮರಳಿನ ಹಳ್ಳಗಳೂ ಇವೆ. ಲಿಂಗಸುಗೂರಿನ ಕಡೆ ನೆಲ ಏರಿಳಿತದ್ದು. ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿರುವ, ಚಿನ್ನವನ್ನು ಒಳಗೊಂಡ ಪದರುಶಿಲೆಯ ಪಟ್ಟಿ ಇದೇ ಸೀಮೆಯಲ್ಲಿದೆ. ಎರೆ ಮತ್ತು ಮಸಾರಿ ಎರಡೂ ಇಲ್ಲಿ ಅಕ್ಕಪಕ್ಕದಲ್ಲಿ ಸಿಕ್ಕುತ್ತವೆ. ಹೀಗೆ ಕೆಸರು, ಕಲ್ಲು, ದೂರದ ಏರುದಾರಿ ಎಂಬ ಮೂರು ಬಗೆಯ ಕಷ್ಟಗಳು ಒಂದು ದಿನದ ಪ್ರಯಾಣದೊಳಗೆ ಅಡಕವಾಗಿವೆ. ಒಂದಕ್ಕೆ ತಕ್ಕ ಉಪಾಯ ಮತ್ತೊಂದಕ್ಕೆ ತಕ್ಕುದಲ್ಲ. ನಮ್ಮ ಚರ್ಚೆಗೆ ಇದೇ ಮೂಲಸೂತ್ರ.

೩

ಎಂಜಿನು ಬರುವುದಕ್ಕೆ ಮೊದಲು ಇಲ್ಲಿ ಎಳೆಯುವ ಶಕ್ತಿಯೆಂದರೆ ಎತ್ತು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರು ನಡೆಸಿದ ಉತ್ಖನನವೂ ಅಲ್ಲಿಯ ಬಂಡೆಗಳ ಮೇಲಣ ದನಗಳ ಚಿತ್ರಗಳೂ ಈ ಸೀಮೆಯಲ್ಲಿ ನವಶಿಲಾಯುಗದಿಂದಲೇ ಗೋಸಂಪತ್ತು ಜೀವನದ ಆಧಾರವಾಗಿತ್ತೆಂಬುದನ್ನು ತೋರಿಸಿವೆ. ಮಸ್ಕಿಯಲ್ಲಿ ೧೯೫೪ರಲ್ಲಿ ಪುರಾತತ್ತ್ವ ಇಲಾಖೆಯವರು ನಡೆಸಿದ ಉತ್ಖನನವೂ ಇಲ್ಲಿಯ ಜನವಸತಿಯ ಪ್ರಾಚೀನತೆಗೆ ಸಾಕ್ಷಿ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಕಂಡುಹಿಡಿದ ಬೀಡನ್ ಅವರು ಇತಿಹಾಸಜ್ಞರಲ್ಲ. ಚಿನ್ನದ ಗಣಿಯ ಎಂಜಿನಿಯರು. ಗ್ರಂಥಾಲಯದಲ್ಲಿ ಸಿಕ್ಕದ ಆಧಾರ ನೆಲದ ಮೇಲೆ ಕೆಲಸಮಾಡುವವನಿಗೆ ಸಿಕ್ಕಿತೆಂಬ ಸಂಗತಿಯನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಲ್ಲ.

ಎರೆಭೂಮಿಯಲ್ಲಿ ಒಂದು ಜೊತೆ ಎತ್ತಿನಿಂದ ಆಳವಾಗಿ ಉಳುವುದು ಅಸಾಧ್ಯ. ಆದುದರಿಂದ ಕರಿಕೆಯಂಥ ಕಳೆಯನ್ನು ಬೇರುಸಹಿತ ಕೀಳಲು ದೊಡ್ಡ ನೇಗಿಲಿಗೆ ಹಲವು ಜೊತೆ ಎತ್ತುಗಳನ್ನು ಹೂಡುವ ಪದ್ಧತಿ ಉತ್ತರ ಕರ್ನಾಟಕದಲ್ಲೆಲ್ಲ ಇತ್ತು. ಲಕ್ಷ್ಮಣರಾವ್ ಕಿರ್ಲೋಸ್ಕರರು ೧೯೦೩ರಲ್ಲಿ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದ್ದು ಇಂಥ ನೆಲದ ಸಮಸ್ಯೆಗೆ ಯಂತ್ರಶಾಲೆಯಿಂದ ಬಂದ ಮೊದಲ ಉತ್ತರಗಳಲ್ಲೊಂದು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಎತ್ತಿನ ನಡಿಗೆ ಗಂಟೆಗೆ ಸುಮಾರು ೩ ಕಿಲೋಮೀಟರು. ಎಷ್ಟು ಜೊತೆ ಹೂಡಿದರೂ ಆ ವೇಗ ಹೆಚ್ಚುವುದಿಲ್ಲ, ಬಲ ಮಾತ್ರ ಹೆಚ್ಚುತ್ತದೆ. ಎರಡನೆಯದಾಗಿ, ಎತ್ತಿನ ಗೊರಸು ಕೆಸರಿನಲ್ಲಿ ಜಾರಿದರೂ ಗಾಲಿಯಂತೆ ನಿಂತಲ್ಲೇ ತಿರುಗಿ ಗುಂಡಿ ತೋಡುವುದಿಲ್ಲ. ಮುಂದೆ ಬಂದ ಯಂತ್ರವಾಹನವು ಈ ಎರಡು ಗುಣಗಳೊಡನೆ ಸ್ಪರ್ಧಿಸಬೇಕಾಯಿತು.

ಸ್ಪರ್ಧಿಗಳು ಬರುವುದು ತಡವಾಯಿತು. ರಾಯಚೂರಿಗೆ ೧೮೭೧ರಲ್ಲಿ ರೈಲು ಬಂದು ಮುಂಬಯಿ ಮದರಾಸುಗಳನ್ನು ಕೂಡಿಸಿತು. ಲಿಂಗಸುಗೂರು ಹೈದರಾಬಾದು ಕಂಟಿನ್‌ಜೆಂಟ್ ಸೈನ್ಯದ ದಂಡಿನ ಊರಾಗಿಯೂ ೧೯೦೫ರವರೆಗೆ ಪ್ರತ್ಯೇಕ ಜಿಲ್ಲೆಯ ಕೇಂದ್ರವಾಗಿಯೂ ಇದ್ದರೂ ಅದಕ್ಕೆ ರೈಲಿನ ಯೋಗವಿರಲಿಲ್ಲ. ಸಿಂಧನೂರಿಗೆ ರೈಲು ತಲುಪಿದುದು ೨೦೨೪ರಲ್ಲಿ. ರಾಯಚೂರಿಗೂ ಸಿಂಧನೂರಿಗೂ ನಡುವೆ ಬಿದ್ದ ಈ ನೂರೈವತ್ತಮೂರು ವರ್ಷಗಳ ಅಂತರದಲ್ಲಿ ಸಂಚಾರದ ಹೊರೆಯನ್ನು ಹೊತ್ತದ್ದು ಬಂಡಿ, ಬಸ್ಸು, ಲಾರಿ ಮತ್ತು ಇವು ಯಾವುವೂ ಹೋಗಲಾರದ ಕಡೆ ಹೋದ ಜೀಪು.

೪

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. ೧೯೪೧ರಿಂದ ೧೯೪೫ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಮೇಲ್ಪಟ್ಟು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಜೀಪುಗಳಲ್ಲಿ ಅನೇಕವು ಹರಾಜಿನ ಮೂಲಕ ನಾಗರಿಕರ ಕೈಸೇರಿದವು. ೧೯೪೫ರಲ್ಲಿ ಸ್ಥಾಪಿತವಾಗಿ ೧೯೪೮ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಬದಲಾಯಿಸಿಕೊಂಡ ಸಂಸ್ಥೆಯು ಆ ದಶಕದ ಕೊನೆಯ ವರ್ಷಗಳಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಐವತ್ತರ ದಶಕದ ನಡುವಿನಿಂದ ಸಿ.ಜೆ.-೩ಬಿ ಮಾದರಿ ಇಲ್ಲಿಯೇ ತಯಾರಾಗುತ್ತ ಬಂದಿತು.

ಈಗ ಸಂಖ್ಯೆಗಳನ್ನು ನೋಡೋಣ. ಜೀಪಿನಲ್ಲಿ ಎಂಜಿನಿನ ವೇಗ ಗಾಲಿಗೆ ತಲುಪುವ ಮುನ್ನ ಮೂರು ಕಡೆ ಇಳಿಯುತ್ತದೆ: ಗೇರುಪೆಟ್ಟಿಗೆಯಲ್ಲಿ, ಅದರ ಹಿಂದಣ ಟ್ರಾನ್ಸ್‌ಫರ್ ಕೇಸಿನಲ್ಲಿ, ಕಡೆಗೆ ಅಚ್ಚಿನ ಕ್ರೌನ್ ವೀಲು ಪಿನಿಯನ್‌ಗಳಲ್ಲಿ. ಈ ಮೂರು ಪ್ರಮಾಣಗಳನ್ನು ಗುಣಿಸಿದರೆ ಒಟ್ಟು ಇಳಿತ ದೊರೆಯುತ್ತದೆ. ಯುದ್ಧಕಾಲದ ಜೀಪಿನಲ್ಲಿ ಮೊದಲ ಗೇರು ೨.೬೬, ಟ್ರಾನ್ಸ್‌ಫರ್ ಕೇಸಿನ ಕೆಳಸಾಲು ೧.೯೭, ಅಚ್ಚು ೪.೮೮, ಗುಣಲಬ್ಧ ಸುಮಾರು ೨೫.೬. ಅಂದರೆ ಎಂಜಿನು ಇಪ್ಪತ್ತೈದೂವರೆ ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ೧೯೪೫ರಲ್ಲಿ ನಾಗರಿಕರಿಗಾಗಿ ಹೊರಬಂದ ಸಿ.ಜೆ.-೨ಎ ಮಾದರಿಯಲ್ಲಿ ಟಿ-೯೦ ಎಂಬ ಬೇರೆ ಗೇರುಪೆಟ್ಟಿಗೆಯನ್ನು ಕೂಡಿಸಲಾಯಿತು. ಅದರ ಮೊದಲ ಗೇರು ೨.೭೯೮, ಕೆಳಸಾಲು ೨.೪೩, ಅಚ್ಚು ೫.೩೮, ಗುಣಲಬ್ಧ ೩೬.೬.

ಎಂಜಿನು ಹೆಚ್ಚುಕಡಿಮೆ ಹಳೆಯದೇ. ಆದರೆ ಒಟ್ಟು ಇಳಿತ ೨೫.೬ರಿಂದ ೩೬.೬ಕ್ಕೆ ಏರಿತು. ಕಾರಣವೇನು? ಹೊಸ ಗಿರಾಕಿ ಸೈನಿಕನಲ್ಲ, ರೈತ. ಜೀಪು ನೇಗಿಲನ್ನೆಳೆಯಬೇಕು, ಯಂತ್ರಗಳನ್ನು ತಿರುಗಿಸಬೇಕು ಎಂಬುದು ತಯಾರಕರ ಆಶಯವಾಗಿತ್ತು. ೬.೦೦-೧೬ ಅಳತೆಯ ಟಯರು ಒಂದು ಸುತ್ತಿಗೆ ಸುಮಾರು ೨.೨೫ ಮೀಟರು ಕ್ರಮಿಸುತ್ತದೆಯೆಂದು ಹಿಡಿದರೆ, ಎಂಜಿನು ನಿಮಿಷಕ್ಕೆ ೮೦೦ ಸುತ್ತು ತಿರುಗುವಾಗ ಯುದ್ಧಕಾಲದ ಜೀಪು ಗಂಟೆಗೆ ೪.೨ ಕಿಲೋಮೀಟರು ನಡೆಯುತ್ತದೆ, ಸಿ.ಜೆ.-೨ಎ ಗಂಟೆಗೆ ೨.೯೫ ಕಿಲೋಮೀಟರು. ಮೊದಲನೆಯದು ಬಿರುಸಾಗಿ ಸಾಗುವ ಕಾಲಾಳಿನ ವೇಗ. ಎರಡನೆಯದು ನೇಗಿಲು ಹೂಡಿದ ಎತ್ತಿನ ವೇಗ. ಓಹಿಯೋ ಪ್ರಾಂತದ ಕಾರ್ಖಾನೆಯಲ್ಲಿ ಲೆಕ್ಕಹಾಕಿದವರಿಗೆ ನಮ್ಮ ದೋಆಬಿನ ಎತ್ತು ಗೊತ್ತಿರಲಿಲ್ಲ. ಆದರೆ ಉಳುಮೆಯ ವೇಗವನ್ನು ನಿರ್ಧರಿಸುವುದು ಮಣ್ಣು. ಆದುದರಿಂದ ಅವರ ಲೆಕ್ಕವೂ ನಮ್ಮ ಎತ್ತಿನ ಹೆಜ್ಜೆಯೂ ಒಂದೇ ಅಂಕಿಯಲ್ಲಿ ಕೂಡಿದವು.

೫

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸುವುದು ಅವಶ್ಯಕ. ಗೇರು ಕೆಳಗಿಳಿದಷ್ಟೂ ಬಲ ಹೆಚ್ಚು, ಬಲ ಹೆಚ್ಚಿದಷ್ಟೂ ಕೆಸರಿನಿಂದ ಹೊರಬರುವುದು ಸುಲಭ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರ ಮೊದಲ ಭಾಗ ನಿಜ, ಎರಡನೆಯ ಭಾಗ ಎರೆಯ ಮೇಲೆ ಸುಳ್ಳು.

ಹಳೆಯ ಜೀಪಿನ ಎಂಜಿನಿನ ಗರಿಷ್ಠ ತಿರುಗುಬಲ ಸುಮಾರು ೧೪.೫ ಕಿಲೋಗ್ರಾಂ-ಮೀಟರು, ಅದು ನಿಮಿಷಕ್ಕೆ ೨,೦೦೦ ಸುತ್ತಿನ ಆಸುಪಾಸಿನಲ್ಲಿ ದೊರೆಯುತ್ತದೆ. ಕೆಳಸಾಲಿನ ಮೊದಲ ಗೇರಿನಲ್ಲಿ ಇದು ೩೬.೬ರಷ್ಟು ಹೆಚ್ಚಿ, ೦.೩೬ ಮೀಟರು ತ್ರಿಜ್ಯದ ಗಾಲಿಯ ಅಂಚಿನಲ್ಲಿ, ಘರ್ಷಣೆಯ ನಷ್ಟವನ್ನು ಲೆಕ್ಕಿಸದಿದ್ದರೆ, ಸುಮಾರು ೧,೪೭೦ ಕಿಲೋಗ್ರಾಮಿನ ಎಳೆತವಾಗುತ್ತದೆ. ಜೀಪು ತನ್ನ ಜನರೊಡನೆ ೧,೨೦೦ ಕಿಲೋಗ್ರಾಂ ತೂಗುತ್ತದೆಯೆಂದೂ, ಒದ್ದೆ ಎರೆಯ ಮೇಲೆ ಗಾಲಿಯ ಹಿಡಿತ ತೂಕದ ಮೂರನೆಯ ಒಂದು ಪಾಲಿಗೆ ಇಳಿದಿದೆಯೆಂದೂ ಎಣಿಸೋಣ. ಆಗ ನೆಲವು ತಡೆದುಕೊಳ್ಳಬಲ್ಲ ಎಳೆತ ೪೦೦ ಕಿಲೋಗ್ರಾಂ ಮಾತ್ರ. ಉಳಿದ ಸಾವಿರಕ್ಕೂ ಹೆಚ್ಚಿನ ಬಲ ಗಾಲಿಯನ್ನು ನಿಂತಲ್ಲೇ ತಿರುಗಿಸಿ ಗುಂಡಿ ತೋಡುವುದಕ್ಕೆ ವ್ಯಯವಾಗುತ್ತದೆ. ಕೆಳಸಾಲಿನ ಎರಡನೆಯ ಗೇರಿನಲ್ಲಿ ಒಟ್ಟು ಇಳಿತ ೨೦.೩, ಎಳೆತ ಸುಮಾರು ೮೧೭. ಮೂರನೆಯದರಲ್ಲಿ ಇಳಿತ ೧೩.೧, ಎಳೆತ ಸುಮಾರು ೫೨೬. ಇವೆರಡೂ ನೆಲದ ಹಿಡಿತಕ್ಕಿಂತ ಹೆಚ್ಚೇ ಆಗಿವೆ. ಹೀಗಿರಲು ಎರೆಯ ಕೆಸರಿನಲ್ಲಿ ಮೊದಲ ಗೇರಿನಿಂದ ಲಾಭವಿಲ್ಲ, ಹಾನಿಯೇ ಹೆಚ್ಚು.

ಇನ್ನೊಂದು ಕಾರಣವೂ ಉಂಟು. ಎರೆಮಣ್ಣು ಟಯರಿನ ಅಚ್ಚುಗಳೊಳಗೆ ಮೆತ್ತಿಕೊಂಡು ಗಾಲಿಯನ್ನು ನುಣ್ಣನೆಯ ಉಂಡೆಯನ್ನಾಗಿ ಮಾಡುತ್ತದೆ. ಆ ಮಣ್ಣು ಸಿಡಿದು ಹೋಗಬೇಕಾದರೆ ಗಾಲಿಗೆ ಒಂದಿಷ್ಟು ವೇಗ ಬೇಕು. ಎತ್ತಿನ ವೇಗದಲ್ಲಿ ತಿರುಗುವ ಗಾಲಿ ಮಣ್ಣನ್ನು ಸಿಡಿಸಲಾರದು. ಆದುದರಿಂದ ಕೆಸರಿನ ಹಾದಿಗೆ ಮುಂಚೆಯೇ ಕೆಳಸಾಲಿನ ಎರಡನೆಯ ಗೇರಿಗೆ ಹಾಕಿ, ನಡುವೆ ಕ್ಲಚ್ಚನ್ನು ತುಳಿಯದೆ, ಎಂಜಿನಿನ ವೇಗವನ್ನು ಸಮನಾಗಿಟ್ಟು, ಗಂಟೆಗೆ ಹತ್ತು ಹದಿಮೂರು ಕಿಲೋಮೀಟರಿನಲ್ಲಿ ದಾಟುವುದೇ ಸರಿಯಾದ ಕ್ರಮ. ನಡುವೆ ಗೇರು ಬದಲಾಯಿಸಲು ಹೋದರೆ ಆ ಒಂದು ಕ್ಷಣದಲ್ಲಿ ಕೆಸರು ವಾಹನವನ್ನು ನಿಲ್ಲಿಸಿಬಿಡುತ್ತದೆ. ಟಿ-೯೦ರ ಮೊದಲ ಗೇರಿಗೆ ಸಮವೇಗದ ಜೋಡಣೆ ಇರಲಿಲ್ಲವಾದ್ದರಿಂದ ಚಲಿಸುತ್ತಿರುವಾಗ ಅದಕ್ಕೆ ಇಳಿಯುವುದು ನುರಿತವರಿಗೂ ಕಷ್ಟವಾಗಿತ್ತು. ಗೇರನ್ನು ಆರಿಸುವುದು ಕೆಸರಿಗೆ ಇಳಿಯುವ ಮುಂಚೆ ಮಾಡಬೇಕಾದ ತೀರ್ಮಾನವಾಗಿತ್ತು.

ಮಸ್ಕಿಯ ಕಲ್ಲುನೆಲದಲ್ಲಿ ಇದಕ್ಕೆ ವಿರುದ್ಧವಾದ ನಿಯಮ. ಒಣಗಿದ ಬಂಡೆಯ ಮೇಲೆ ಹಿಡಿತಕ್ಕೆ ಕೊರತೆಯಿಲ್ಲ. ಅಲ್ಲಿ ಬೇಕಾದುದು ನಿಧಾನ: ಒಂದು ಗಾಲಿ ಗುಂಡನ್ನು ಏರಿ ಇಳಿಯುವವರೆಗೆ ಎಂಜಿನು ನಿಲ್ಲದೆ, ಕ್ಲಚ್ಚು ಸುಡದೆ, ಅಂಗುಲ ಅಂಗುಲವಾಗಿ ಸಾಗಬೇಕು, ಇಳಿಜಾರಿನಲ್ಲಿ ಬ್ರೇಕಿನ ಬದಲು ಎಂಜಿನೇ ವಾಹನವನ್ನು ತಡೆದು ಹಿಡಿಯಬೇಕು. ಇಲ್ಲಿ ೩೬.೬ರ ಸಾರ್ಥಕತೆ ತಿಳಿಯುತ್ತದೆ. ಲಿಂಗಸುಗೂರಿನ ಕಡೆಯ ದೂರದ ರಸ್ತೆಯಲ್ಲಿ ಇದೇ ೫.೩೮ರ ಅಚ್ಚು ಒಂದು ಪೀಡೆ. ಗಂಟೆಗೆ ೫೦ ಕಿಲೋಮೀಟರಿನಲ್ಲಿಯೇ ಎಂಜಿನು ನಿಮಿಷಕ್ಕೆ ೨,೦೦೦ ಸುತ್ತು ತಿರುಗುತ್ತಿರುತ್ತದೆ. ಅದಕ್ಕಿಂತ ವೇಗವಾಗಿ ಹೋದಷ್ಟೂ ಸದ್ದು, ಸವೆತ, ಪೆಟ್ರೋಲಿನ ಖರ್ಚು ಬೆಳೆಯುತ್ತವೆ. ಮೂರು ಊರುಗಳು ಒಂದೇ ಯಂತ್ರದಿಂದ ಮೂರು ಬೇರೆ ಗುಣಗಳನ್ನು ಬೇಡುತ್ತವೆಯೆಂದು ಮೊದಲು ಹೇಳಿದ್ದು ಇದೇ ಅರ್ಥದಲ್ಲಿ.

೬

ಐವತ್ತರ ದಶಕವು ಈ ಸೀಮೆಯ ಬಾಳನ್ನೇ ಬದಲಾಯಿಸಿತು. ೧೯೪೫ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನಿಂದ ೧೯೫೩ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಸುಮಾರು ೨೨೭ ಕಿಲೋಮೀಟರು ಉದ್ದದ ಎಡದಂಡೆ ಮುಖ್ಯ ಕಾಲುವೆಯು ಸಿಂಧನೂರಿನ ಎರೆಯನ್ನು ನೀರಾವರಿಗೆ ಒಳಪಡಿಸಿತು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ಇದೇ ಅವಧಿಯಲ್ಲಿ, ೧೯೫೨ರ ಅಕ್ಟೋಬರ್ ೨ರಂದು, ಸಮುದಾಯ ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾಯಿತು. ಅದರ ಬ್ಲಾಕುಗಳಿಗೆ, ಮಲೇರಿಯಾ ನಿರ್ಮೂಲನದ ಪಡೆಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಜೀಪುಗಳು ಬಂದವು. ಹಳ್ಳಿಗನ ಪಾಲಿಗೆ ಸರ್ಕಾರವೆಂದರೆ ಜೀಪು, ಜೀಪೆಂದರೆ ಸರ್ಕಾರ ಎಂಬ ಭಾವನೆ ಬೇರೂರಿದ್ದು ಈ ಕಾಲದಲ್ಲಿ.

ಇಲ್ಲಿ ನಮ್ಮ ವಿಷಯದ ಗಂಭೀರವಾದ ಭಾಗವಿದೆ. ಎಡದಂಡೆಯ ಯೋಜನೆಯಲ್ಲಿ ಹೆಚ್ಚಿನ ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂಥ ಅಲ್ಪನೀರಿನ ಬೆಳೆಗಳಿಗೆ ಗೊತ್ತುಮಾಡಲಾಗಿತ್ತು. ಭತ್ತಕ್ಕೆ ಬಿಟ್ಟ ಪಾಲು ಸಣ್ಣದು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊನೆಯ ಭಾಗದ ರೈತನಿಗೆ ನೀರಿನ ಕೊರತೆ ನಿತ್ಯದ ಮಾತಾಯಿತು. ಈ ಅನ್ಯಾಯಕ್ಕೆ ಆರ್ಥಿಕ, ರಾಜಕೀಯ ಕಾರಣಗಳನ್ನು ವಿದ್ವಾಂಸರು ವಿವೇಚಿಸಿದ್ದಾರೆ. ಅವುಗಳ ಜೊತೆಗೆ ಒಂದು ಚಿಕ್ಕ ಕಾರಣವನ್ನೂ ಎಣಿಸಬೇಕೆಂದು ನಮ್ಮ ಸೂಚನೆ. ಕಾಲುವೆಯ ಏರಿಯ ಮೇಲಿನ ದಾರಿ, ಉಪಕಾಲುವೆಗಳ ಪಕ್ಕದ ಹಾದಿ, ಇವೆಲ್ಲ ಎರೆಯ ಮೇಲಿನವು. ನೀರಿನ ತಗಾದೆ ಹುಟ್ಟುವ ಮುಂಗಾರಿನಲ್ಲಿಯೇ ಅವು ಸಂಚಾರಕ್ಕೆ ಅತಿ ಕಷ್ಟವಾದವು. ತೂಬಿನ ಬಳಿಗೆ ಅಧಿಕಾರಿಯ ವಾಹನ ತಲುಪುವುದು ಸಾಧ್ಯವೇ ಇಲ್ಲವೇ ಎಂಬುದು ನಿಯಮ ಜಾರಿಯಾಗುವುದೇ ಇಲ್ಲವೇ ಎಂಬುದರೊಡನೆ ತಳುಕುಹಾಕಿಕೊಂಡಿತ್ತು. ಮುಂದಿನ ಅಚ್ಚಿಗೂ ಶಕ್ತಿ ಕೊಡುವ, ಕೆಳಸಾಲಿರುವ ವಾಹನ ಆ ದಿನಗಳಲ್ಲಿ ವೈಭವದ ವಸ್ತುವಲ್ಲ, ಆಡಳಿತದ ಕೈಕಾಲು. ಅದನ್ನು ಉಪಯೋಗಿಸಲು ಅರಿತ ಚಾಲಕನೂ ಅಷ್ಟೇ ಮುಖ್ಯ. ಆದರೆ ನಮ್ಮ ಆಡಳಿತದ ಇತಿಹಾಸಗಳಲ್ಲಿ ಅಧಿಕಾರಿಯ ಹೆಸರಿದೆ, ಚಾಲಕನ ಉಲ್ಲೇಖವಿಲ್ಲ.

ಭತ್ತದೊಡನೆ ಟ್ರಾಕ್ಟರು ಬಂದಿತು. ಕೆಸರುಗದ್ದೆಯನ್ನು ತುಳಿಸಲು ರಬ್ಬರು ಗಾಲಿಯ ಪಕ್ಕದಲ್ಲಿಯೋ ಅದರ ಬದಲಾಗಿಯೋ ಕಬ್ಬಿಣದ ಪಟ್ಟಿಗಳ ಪಂಜರದಂಥ ಗಾಲಿಗಳನ್ನು ಕೂಡಿಸುವ ಪದ್ಧತಿ ರೂಢವಾಯಿತು. ಹಿಡಿತದ ಸಮಸ್ಯೆಗೆ ಟ್ರಾಕ್ಟರು ಗಾಲಿಯಲ್ಲಿ ಉತ್ತರವನ್ನು ಕಂಡುಕೊಂಡಿತು; ವೇಗದ ಸಮಸ್ಯೆಗೆ ಹಲವು ಗೇರುಗಳಲ್ಲಿ. ೧೯೬೩ರಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಟ್ರಾಕ್ಟರ್ ಕಂಪನಿ ಆಫ್ ಇಂಡಿಯಾದ ಬಿ-೨೭೫ ಟ್ರಾಕ್ಟರಿಗೆ ಮುಂದಕ್ಕೆ ಎಂಟು ಗೇರುಗಳಿದ್ದವು. ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಈ ಟ್ರಾಕ್ಟರಿನ ವಂಶದ ಡೀಸೆಲ್ ಎಂಜಿನೇ ಜೀಪಿನೊಳಗೆ ಬಂದು ಕುಳಿತಿತು. ಎಂಬತ್ತರ ದಶಕದಲ್ಲಿ ಪೆಜೋ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನು ಅದರ ಸ್ಥಾನಕ್ಕೆ ಬಂದಿತು.

ಎಂಜಿನು ಬದಲಾದಾಗ ಗೇರಿನ ಲೆಕ್ಕವೂ ಬದಲಾಗಬೇಕು. ಅಂದಿನ ಡೀಸೆಲ್ ಎಂಜಿನು ನಿಧಾನವಾಗಿ ತಿರುಗುವಂಥದು. ನಿಮಿಷಕ್ಕೆ ೨,೫೦೦ ಸುತ್ತನ್ನು ಹಿತವಾದ ಮಿತಿಯೆಂದು ಇಟ್ಟುಕೊಂಡರೆ, ೫.೩೮ರ ಅಚ್ಚಿನಲ್ಲಿ ಜೀಪು ಗಂಟೆಗೆ ೬೩ ಕಿಲೋಮೀಟರು ಓಡುತ್ತದೆ, ೪.೮೮ರ ಅಚ್ಚಿನಲ್ಲಿ ೬೯. ಟಿ-೯೦ನ್ನೇ ಉಳಿಸಿಕೊಂಡರೆ ಒಟ್ಟು ಇಳಿತ ೩೬.೬ರಿಂದ ೩೩.೨ಕ್ಕೆ ಕುಗ್ಗುತ್ತದೆ. ಡೀಸೆಲಿನ ತಿರುಗುಬಲ ಕೆಳವೇಗದಲ್ಲಿಯೇ ದೊರೆಯುವುದರಿಂದ ಈ ನಷ್ಟ ಸಹ್ಯವಾದುದು. ಹೀಗೆ ರಸ್ತೆಗಳು ಸುಧಾರಿಸಿದಂತೆಲ್ಲ ಅಚ್ಚಿನ ಪ್ರಮಾಣ ಕಡಿಮೆಯಾಗುತ್ತ ಬಂದಿತು. ಈ ಇಳಿಮುಖವನ್ನು ರಸ್ತೆಗಳ ಸುಧಾರಣೆಯ ಒಂದು ಪರೋಕ್ಷ ದಾಖಲೆಯೆಂದು ಓದಬಹುದು.

೭

ಇಂದು ಹಳೆಯ ಜೀಪನ್ನು ಕಳಚಿ ಹೊಸದಾಗಿ ಕಟ್ಟಿಕೊಳ್ಳುವ ಉತ್ಸಾಹ ತರುಣರಲ್ಲಿ ಕಾಣುತ್ತದೆ. ಅವರ ಪ್ರಶ್ನೆ ಹಳೆಯದೇ: ಎಷ್ಟು ಗೇರಿನ ಪೆಟ್ಟಿಗೆ, ಯಾವ ಅಚ್ಚು? ಮೇಲಿನ ಇತಿಹಾಸದಿಂದ ಮೂರು ಮಾತುಗಳನ್ನು ಅವರಿಗೆ ಹೇಳಬಹುದು.

ಮೊದಲನೆಯದು, ಒಂದು ಪ್ರಮಾಣವನ್ನು ಮಾತ್ರ ಬಿಡಿಸಿ ನೋಡಬಾರದು. ೨೮.೫ ಅಂಗುಲದ ಟಯರಿನ ಸ್ಥಳದಲ್ಲಿ ೩೧ ಅಂಗುಲದ್ದನ್ನು ಹಾಕಿದರೆ ಅದು ಅಚ್ಚಿನ ಪ್ರಮಾಣವನ್ನು ಸುಮಾರು ನೂರಕ್ಕೆ ಎಂಟರಷ್ಟು ತಗ್ಗಿಸಿದಂತೆ, ೩೬.೬ರ ಫಲ ೩೩.೬ರಷ್ಟಾಗುತ್ತದೆ. ಹಿರಿಯ ಗಾಲಿಯ ಶೋಭೆಗೆ ಮನಸೋತವರು ಈ ನಷ್ಟವನ್ನು ಅಚ್ಚಿನಲ್ಲಿ ತುಂಬಿಕೊಡಬೇಕು. ಎರಡು ಅಚ್ಚುಗಳ ಪ್ರಮಾಣವೂ ಒಂದೇ ಆಗಿರಬೇಕೆಂಬುದನ್ನು ಮರೆಯಬಾರದು. ಭಿನ್ನವಾದರೆ ಮುಂದಿನ ಗಾಲಿಯೂ ಹಿಂದಿನ ಗಾಲಿಯೂ ಒಂದನ್ನೊಂದು ಎಳೆದಾಡಿ ಯಂತ್ರವನ್ನು ಮುರಿಯುತ್ತವೆ.

ಎರಡನೆಯದು, ಗೇರುಗಳ ಸಂಖ್ಯೆಗಿಂತ ಅವುಗಳ ನಡುವಣ ಅಂತರ ಮುಖ್ಯ. ಟಿ-೯೦ರ ಆರು ಪ್ರಮಾಣಗಳನ್ನು ಸಾಲಾಗಿ ಇಟ್ಟರೆ ಒಟ್ಟು ಇಳಿತಗಳು ೩೬.೬, ೨೦.೩, ೧೫.೧, ೧೩.೧, ೮.೩, ೫.೪ ಎಂದಾಗುತ್ತವೆ. ೧೫.೧ ಮತ್ತು ೧೩.೧ ಬಹು ಸಮೀಪದವು, ಆದರೆ ೩೬.೬ಕ್ಕೂ ೨೦.೩ಕ್ಕೂ ನಡುವೆ ದೊಡ್ಡ ಕಂದಕವಿದೆ. ಏರುದಾರಿಯಲ್ಲಿ ಭಾರ ಹೊತ್ತ ಜೀಪು ತಡವರಿಸುವುದು ಈ ಕಂದಕದಲ್ಲಿ. ನಾಲ್ಕು ಐದು ಗೇರುಗಳ ಪೆಟ್ಟಿಗೆಯ ನಿಜವಾದ ಪ್ರಯೋಜನ ಇದನ್ನು ತುಂಬುವುದರಲ್ಲಿಯೂ, ಕೊನೆಯ ಗೇರಿನಲ್ಲಿ ಎಂಜಿನಿಗೆ ವಿಶ್ರಾಂತಿ ಕೊಡುವುದರಲ್ಲಿಯೂ ಇದೆ.

ಮೂರನೆಯದು, ಕೆಳಸಾಲಿನ ಆಳ. ೨೦೧೦ರಲ್ಲಿ ಬಂದ ಥಾರ್ ವಾಹನದ ಕೆಳಸಾಲಿನ ಪ್ರಮಾಣ ೨.೪೮, ೧೯೪೫ರ ೨.೪೩ಕ್ಕೆ ಅದು ಎಷ್ಟು ಹತ್ತಿರವೆಂಬುದನ್ನು ಗಮನಿಸಬೇಕು. ೧೯೮೫ರಲ್ಲಿ ಬಂದು ೨೦೧೯ರ ಸುಮಾರಿಗೆ ತಯಾರಿಕೆ ನಿಂತ ಮಾರುತಿ ಜಿಪ್ಸಿಯ ೧.೩ ಲೀಟರಿನ ಮಾದರಿಯಲ್ಲಿ ಕೆಳಸಾಲು ೨.೨೬೮ ಆದರೂ ಮೇಲ್ಸಾಲೇ ೧.೪೦೯, ಆದುದರಿಂದ ಮೇಲ್ಸಾಲಿಗೂ ಕೆಳಸಾಲಿಗೂ ಇರುವ ವ್ಯತ್ಯಾಸ ೧.೬೧ ಪಟ್ಟು ಮಾತ್ರ. ಹಗುರವಾದ ಆ ವಾಹನ ಕೆಸರಿನಲ್ಲಿ ಚೆನ್ನಾಗಿ ಸಾಗುವುದಕ್ಕೂ, ಬಂಡೆಯ ಮೇಲೆ ಕ್ಲಚ್ಚಿನ ನೆರವನ್ನು ಬೇಡುವುದಕ್ಕೂ ಕಾರಣ ಇದೇ. ಸಿಂಧನೂರಿನ ಗದ್ದೆಯ ಹಾದಿಗೆ ಒಗ್ಗುವ ವಾಹನ ಮಸ್ಕಿಯ ಗುಡ್ಡಕ್ಕೆ ಒಗ್ಗದಿರುವುದು ಅದರ ದೋಷವಲ್ಲ. ಆರಿಸಿದವನು ತನ್ನ ನೆಲವನ್ನು ಮೊದಲು ಕೇಳಿಕೊಳ್ಳದಿದ್ದುದು ದೋಷ.

ಇವುಗಳ ಜೊತೆಗೆ ಕಾನೂನಿನ ಒಂದು ಎಚ್ಚರಿಕೆಯೂ ಅವಶ್ಯಕ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿಯಂತೆ, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಎಂಜಿನು ಬದಲಾವಣೆಯಂಥ ಕೆಲಸಕ್ಕೆ ನೋಂದಣಿ ಅಧಿಕಾರಿಯ ಪೂರ್ವಾನುಮತಿ ಬೇಕು.

೮

ಈ ಪೀಠಿಕೆಯನ್ನು ಮುಗಿಸುವ ಮುನ್ನ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮದಂತೆ ಹದಿನೈದು ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣಗೊಳ್ಳುವುದಿಲ್ಲ. ಅವು ಗುಜರಿಗೆ ಹೋಗಬೇಕು. ಹೊಗೆ ಮತ್ತು ಸುರಕ್ಷತೆಯ ದೃಷ್ಟಿಯಿಂದ ಈ ನಿಯಮ ಸಮಂಜಸವಾದುದೇ. ಆದರೆ ಕಚೇರಿಗಳ ಹಿತ್ತಲಲ್ಲಿ ತುಕ್ಕುಹಿಡಿಯುತ್ತಿದ್ದ ಹಳೆಯ ಜೀಪುಗಳೊಡನೆ ಅವುಗಳ ಲಾಗ್ ಪುಸ್ತಕಗಳೂ ರದ್ದಿಗೆ ಹೋಗುತ್ತವೆ. ಯಾವ ತಾರೀಖು, ಎಲ್ಲಿಂದ ಎಲ್ಲಿಗೆ, ಎಷ್ಟು ದೂರ, ಯಾರ ಕೆಲಸಕ್ಕೆ ಎಂಬುದನ್ನು ಬರೆದಿಡುವುದು ಸರ್ಕಾರಿ ವಾಹನದ ಪ್ರತಿಯೊಬ್ಬ ಚಾಲಕನ ಕರ್ತವ್ಯವಾಗಿತ್ತು. ಆಡಳಿತವು ಯಾವ ಹಳ್ಳಿಯನ್ನು ತಲುಪಿತು, ಯಾವ ಹಳ್ಳಿಯನ್ನು ಯಾವ ತಿಂಗಳುಗಳಲ್ಲಿ ತಲುಪಲಿಲ್ಲ ಎಂಬುದನ್ನು ತಿಳಿಯಲು ಇದಕ್ಕಿಂತ ನೇರವಾದ ಆಧಾರ ಬೇರೊಂದಿಲ್ಲ. ಮಂತ್ರಿಗಳ ಭಾಷಣ ಅಚ್ಚಾಗಿ ಉಳಿದಿದೆ. ಕಾಲುವೆಯ ಕೊನೆಯ ತೂಬಿಗೆ ಜೀಪು ಹೋಗಿತ್ತೇ ಎಂಬ ಒಂದು ಸಾಲು ಲಾಗ್ ಪುಸ್ತಕದಲ್ಲಿ ಮಾತ್ರ ಇರಬಹುದು.

ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ತಾಲ್ಲೂಕಿನ ಕಚೇರಿಗಳಲ್ಲಿ ಅನುಮತಿ ಪಡೆದು ಇಂಥ ಪುಸ್ತಕಗಳನ್ನು ಪರಿಶೀಲಿಸಿ, ಉಳಿಸಲು ಯೋಗ್ಯವಾದುವನ್ನು ಉಳಿಸಿದರೆ ಅದು ಒಂದು ಶಾಸನಸಂಗ್ರಹಕ್ಕೆ ಕಡಿಮೆಯಾದ ಸೇವೆಯಲ್ಲ. ನಿವೃತ್ತ ಚಾಲಕರೂ ಗ್ಯಾರೇಜಿನ ಹಿರಿಯ ಮೇಸ್ತ್ರಿಗಳೂ ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಹಳ್ಳವನ್ನು ಯಾವ ಗೇರಿನಲ್ಲಿ ದಾಟಬೇಕೆಂಬ ಅವರ ತಿಳಿವಳಿಕೆ ಯಾವ ಕೈಪಿಡಿಯಲ್ಲಿಯೂ ಅಚ್ಚಾಗಿಲ್ಲ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ದೊಡ್ಡ ವೆಚ್ಚವಿಲ್ಲ. ಒಂದು ನೋಟುಪುಸ್ತಕವೂ ತಾಳ್ಮೆಯೂ ಸಾಕು. ಮಸ್ಕಿಯ ಬಂಡೆಯ ಮೇಲಿನ ಅಕ್ಷರ ಎರಡು ಸಾವಿರ ವರ್ಷಕ್ಕೂ ಹೆಚ್ಚುಕಾಲ ಕಾದುಕೊಂಡಿತ್ತು. ಕಾಗದವೂ ಮನುಷ್ಯನ ನೆನಪೂ ಅಷ್ಟು ಕಾಲ ಕಾಯಲಾರವು.